ನಾಲ್ಕು ಜನರ ಪ್ಯಾಕೇಜು

ಏಪ್ರಿಲ್ ೨

ಪ್ರೀತಿಯ ಅತ್ತೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಕೇಳಿಸಲಿ ಅಂತ ನಾನು ಕಿರುಚಬೇಕು, ನೀವು ಸ್ಪೀಕರ್ ಹಾಕಬೇಕು, ಆಮೇಲೆ ಭಾವ, ಅಕ್ಕ, ಮಹಡಿ ಮನೆಯವರು ಎಲ್ಲರೂ ನಮ್ಮಿಬ್ಬರ ಮಾತಿಗೆ ತಲೆಗೊಂದು ಉತ್ತರ ಕೊಡುತ್ತಾರೆ. ಅದಕ್ಕೇ ಈ ಕಾಗದ.

ನಾವಿಬ್ಬರೂ ಚೆನ್ನಾಗಿದ್ದೇವೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಹೊಸ ಯಂತ್ರ ಬಂದಿದೆ. ಹಳೆಯದಕ್ಕೆ ಕೈ ಒಗ್ಗಿದ್ದರಿಂದ ಇದರ ಜೊತೆ ಇನ್ನೂ ಜಗಳ. ನಿಮ್ಮ ಮೊಮ್ಮಗಳಿಗೆ ಒಂಬತ್ತು ತುಂಬಿತು. ಮೆಣಸು ಅಂತ ಹೆಸರಿಟ್ಟವರು ನೀವೇ, ಖಾರ ಏನೂ ಕಡಿಮೆಯಾಗಿಲ್ಲ.

ಮೇ ಕೊನೆಯಲ್ಲಿ ಅವಳನ್ನು ಆ ದೊಡ್ಡ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಎರಡು ದಿನ, ಪಕ್ಕದ ಹೋಟೆಲಿನಲ್ಲೇ ವಾಸ. ನೀವೂ ಬರಬೇಕು. ನಾಲ್ಕು ಜನರ ಫ್ಯಾಮಿಲಿ ಪ್ಯಾಕೇಜು ಅಂತ ಒಂದಿದೆ, ಅದನ್ನೇ ತೆಗೆದುಕೊಂಡಿದ್ದೇನೆ. ಆದರೆ ಟಿಕೆಟಿನ ಮೇಲೆ ಇನ್ನೂ ಏನೇನೋ ಮಾರುತ್ತಿದ್ದಾರೆ. ಕ್ಯೂ ತಪ್ಪಿಸುವ ಫಾಸ್ಟ್ ಪಾಸ್. ದಿನವಿಡೀ ಊಟ ತಿಂಡಿಯ ಪಾಸ್. ಕರಡಿ ವೇಷದವರ ಜೊತೆ ಬೆಳಗಿನ ತಿಂಡಿ. ಎಲ್ಲ ಆಟಗಳಲ್ಲೂ ಅವರೇ ತೆಗೆಯುವ ಫೋಟೊಗಳ ಪ್ಯಾಕೇಜು. ಹಿರಿಯರಿಗೆ ಗಾಲಿಕುರ್ಚಿ ಬಾಡಿಗೆಗೆ. ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದು ದಂಡ? ಯೂನಿಫಾರ್ಮ್ ಹೊಲಿಸಲು ಬಂದ ಅಮ್ಮಂದಿರಿಗೆ "ಇದು ಬೇಡ, ಸುಮ್ಮನೆ ಖರ್ಚು" ಅಂತ ಮುಖಕ್ಕೇ ಹೇಳಿ ಕಳಿಸುತ್ತಿದ್ದವರು ನೀವು. ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ನಿಮ್ಮ ಸೊಸೆ


ಏಪ್ರಿಲ್ ೯

ಮಗಳೇ,

ನಿನ್ನ ಕಾಗದ ಕೈಗೆ ಬಂದಾಗ ನಿನ್ನ ಭಾವ ಪಕ್ಕದಲ್ಲೇ ಇದ್ದ. "ಏನಂತೆ?" ಅಂದ. "ಮೊಮ್ಮಗಳ ಹಲ್ಲು ಬಿತ್ತಂತೆ" ಅಂದೆ. ಒಂಬತ್ತು ವರ್ಷದವಳ ಹಲ್ಲು ದಿನಾ ಬೀಳುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಬರುತ್ತೇನೆ. ಅದನ್ನು ಕೇಳುವ ಅಗತ್ಯವೇ ಇರಲಿಲ್ಲ.

ಊಟದ ಪಾಸ್ ಬೇಡ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಹೊಟ್ಟೆ ಬಿರಿಯುವಷ್ಟು ತಿಂದು, ಆಮೇಲೆ ಆ ತಿರುಗುವ ಯಂತ್ರದಲ್ಲಿ ಕೂತು ಎಲ್ಲವನ್ನೂ ಪಾರ್ಕಿಗೇ ವಾಪಸ್ ಕೊಟ್ಟು ಬರುವುದಕ್ಕೆ ಪಾಸ್ ಯಾಕೆ? ಬ್ರೆಡ್ಡು, ಹಣ್ಣು ಕಟ್ಟಿಕೊಳ್ಳೋಣ. ಕರಡಿಯ ಜೊತೆ ತಿಂಡಿ ಬೇಡ. ನಾನು ಇಲ್ಲಿ ದಿನಾ ನಿನ್ನ ಭಾವನ ಎದುರು ಕೂತು ತಿಂಡಿ ತಿನ್ನುತ್ತೇನೆ, ಯಾರೂ ಟಿಕೆಟ್ ಇಟ್ಟಿಲ್ಲ. ಫಾಸ್ಟ್ ಪಾಸ್ ಬೇಡ; ಕ್ಯೂನಲ್ಲಿ ನಿಂತರೆ ಏನು ಕಾಲು ಸವೆಯುತ್ತದೆಯೇ? ಫೋಟೊ ಖಂಡಿತ ಬೇಡ, ಫೋನುಗಳು ಇರುವುದು ಯಾತಕ್ಕೆ? ಇನ್ನು ಗಾಲಿಕುರ್ಚಿ. ಅದನ್ನು ಆ ಪಟ್ಟಿಯಿಂದ ಹೊಡೆದು ಹಾಕು, ಇನ್ನೊಮ್ಮೆ ನನ್ನ ಮುಂದೆ ಅದರ ಹೆಸರು ಎತ್ತಬೇಡ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಇವು.

ಮುಗಿಯಿತು. ಈಗ ನನ್ನದೊಂದು ಪ್ರಶ್ನೆ. ನೀನು, ಮೆಣಸು, ನಾನು. ಎಷ್ಟು ಸಲ ಎಣಿಸಿದರೂ ಮೂರೇ ಆಗುತ್ತೇವೆ. ಪ್ಯಾಕೇಜು ನಾಲ್ಕು ಜನರದ್ದು ಅಂತ ಬರೆದಿದ್ದೀಯ.

ನಾಲ್ಕನೆಯವರು ಯಾರು?

ನಿನ್ನ ಅತ್ತೆ


ಏಪ್ರಿಲ್ ೧೬

ಅತ್ತೆ,

ನೀವು ಎಣಿಸುತ್ತೀರಿ ಅಂತ ನನಗೆ ಗೊತ್ತಿತ್ತು. ಬಹುಶಃ ಎಣಿಸಲಿ ಅಂತಲೇ ಹಾಗೆ ಬರೆದೆ.

ನಮ್ಮ ಆಸ್ಪತ್ರೆಯ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಂದು ಮಧ್ಯಾಹ್ನ ನಾನೂ ಒಬ್ಬ ರೋಗಿಯೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದೆವು. ಆ ಅಜ್ಜನಿಗೆ ಹೆದರಿಕೆಯಿಂದ ಉಸಿರು ಕಟ್ಟುತ್ತಿತ್ತು. ಇವರು ಹೊರಗಿನಿಂದ ಕೆಲಸ ಮಾಡುತ್ತಲೇ ಅಜ್ಜನಿಗೆ ಅವರ ಮೊಮ್ಮಕ್ಕಳ ಹೆಸರು, ಯಾವ ಕ್ಲಾಸು, ಯಾರಿಗೆ ಲೆಕ್ಕ ಬರುವುದಿಲ್ಲ, ಎಲ್ಲ ಕೇಳುತ್ತಾ ಹೋದರು. ಬಾಗಿಲು ತೆರೆದಾಗ ಅಜ್ಜ ಇನ್ನೂ ಮೂರನೆಯ ಮೊಮ್ಮಗನ ವಿಷಯದಲ್ಲಿದ್ದರು. ಅಲ್ಲಿಂದ ಶುರುವಾಯಿತು. ಒಂದು ವರ್ಷದ ಮೇಲಾಯಿತು. ಮೆಣಸು ಅವರನ್ನು ಲಿಫ್ಟ್ ಅಂಕಲ್ ಅನ್ನುತ್ತಾಳೆ.

ಮದುವೆಯಾಗಬೇಕು ಅಂತಿದ್ದೇವೆ.

ಭಾವನಿಗೆ ಗೊತ್ತು. ಜನವರಿಯಲ್ಲಿ ಇಲ್ಲಿಗೆ ಬಂದಾಗ ನಮ್ಮನ್ನು ಬಸ್ ಸ್ಟಾಪಿನಲ್ಲಿ ನೋಡಿದರು. ಆ ಸಂಜೆ ಫೋನ್ ಮಾಡಿ, "ಅಮ್ಮನಿಗೆ ಗೊತ್ತಾದ್ರೆ ಅಮ್ಮ ಉಳಿಯಲ್ಲ. ನಿನ್ನಿಷ್ಟ" ಅಂದರು. ಅಷ್ಟೇ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ನಾನೇನೋ ಕಳ್ಳತನ ಮಾಡಿದ ಹಾಗೆ ಅನಿಸಲು ಶುರುವಾಗಿದೆ. ನಾನು ಕಳ್ಳತನ ಮಾಡಿಲ್ಲ, ಅತ್ತೆ.

ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ. ನೀವು ಬೇಡ ಅಂದರೂ ಮದುವೆಯಾಗುತ್ತೇನೆ. ಆದರೆ ನೀವು ಬರದಿದ್ದರೆ ಆ ಪಾರ್ಕಿಗೆ ಹೋಗುವುದಿಲ್ಲ, ಟಿಕೆಟ್ ರದ್ದು ಮಾಡುತ್ತೇನೆ. ಎರಡೂ ಒಟ್ಟಿಗೆ ಹೇಗೆ ನಿಜ ಅಂತ ಕೇಳಬೇಡಿ. ನಿಜ.

ನಿಮ್ಮ (ಇನ್ನೂ ಹೀಗೆ ಬರೆಯಬಹುದಾದರೆ) ಸೊಸೆ


ಮೇ ೪

ಮಗಳೇ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು.

ಮೊದಲು ನಿನ್ನ ಮೇಲೆ ಬಂತು. ನನ್ನ ಮಗನ ಫೋಟೊ ಮುಂದೆ ಕೂತು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ನನ್ನ ಪರ ಒಂದು ಮಾತೂ ಆಡಲಿಲ್ಲ. ಬದುಕಿದ್ದಾಗಲೂ ಆಡುತ್ತಿರಲಿಲ್ಲ, ಏನೇ ಆದರೂ ನಿನ್ನ ಕಡೆಗೇ ವಾಲುತ್ತಿದ್ದ. ಬೈದು ಬೈದು ಸಾಕಾಗಿ, ಎದ್ದು ಟೀ ಮಾಡಿಕೊಂಡು ಕುಡಿದೆ. ಆಮೇಲೆ ಸಿಟ್ಟು ದೊಡ್ಡವನ ಮೇಲೆ ತಿರುಗಿತು. "ಅಮ್ಮ ಉಳಿಯಲ್ಲ" ಅಂದನಂತೆ! ನನ್ನ ಸಾವನ್ನು ನನ್ನನ್ನೇ ಕೇಳದೆ ಇವನು ಹೇಗೆ ನಿಗದಿ ಮಾಡಿದ? ಗಂಡನನ್ನು ಕಳೆದುಕೊಂಡೆ, ಉಳಿದೆ. ಮಗನನ್ನು ಕಳೆದುಕೊಂಡೆ, ಉಳಿದೆ. ಒಬ್ಬ ಲಿಫ್ಟ್ ಮೆಕ್ಯಾನಿಕ್ಕಿಗೆ ಸಾಯುತ್ತೇನೆಯೇ?

ಮೊನ್ನೆ ಊಟದ ಮೇಜಿನಲ್ಲಿ ನಾನೇ ವಿಷಯ ಎತ್ತಿದೆ.

"ತಿಂಗಳ ಕೊನೆಗೆ ಮೊಮ್ಮಗಳ ಜೊತೆ ಪಾರ್ಕಿಗೆ ಹೋಗ್ತಾ ಇದೀನಿ" ಅಂದೆ.

"ಯಾರ್ಯಾರು?"

"ನಾಲ್ಕು ಜನ."

ಚಮಚ ಕೆಳಗಿಟ್ಟ. "ಅಮ್ಮ, ನಿನಗೆ ಗೊತ್ತಾ?"

"ಗೊತ್ತು. ನಿನಗೆ ಗೊತ್ತಿರೋದೂ ಗೊತ್ತು."

ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ನನಗೆ ಕೇಳಿಸಲೆಂದು ಜೋರಾಗಿ ಹೇಳಿದ. "ತಮ್ಮನ ಶರ್ಟುಗಳು ಇನ್ನೂ ನನ್ನ ಬೀರುವಿನಲ್ಲಿವೆ. ನಾಲ್ಕು ವರ್ಷ ಆಯ್ತು, ಒಗೆಯೋಕೂ ಮನಸ್ಸು ಬಂದಿಲ್ಲ. ಅಂಥಾದ್ರಲ್ಲಿ ನೀನು ಇನ್ಯಾವನದೋ ಪಕ್ಕ ಕೂತು ಜೈಂಟ್ ವೀಲ್ ಹತ್ತೀಯಾ?"

"ಹತ್ತೀನಿ" ಅಂದೆ. "ಶರ್ಟು ನೀನು ಇಟ್ಕೋ, ಯಾರೂ ಬೇಡ ಅನ್ನಲ್ಲ. ಅವಳು ಬೀರುವಿನಲ್ಲಿ ಮಡಚಿಡೋ ಶರ್ಟಲ್ಲ ಕಣೋ."

"ಹೋಗೋದಾದ್ರೆ ಅಲ್ಲೇ ಇದ್ದುಬಿಡು" ಅಂದವನೇ ಎದ್ದು ಹೋದ. ಪಾತ್ರೆ ತೊಳೆಯುವಾಗ ದೊಡ್ಡ ಸೊಸೆ ಬಂದು ಮೆಲ್ಲಗೆ ಕೈ ಹಿಡಿದಳು. ಕೆಟ್ಟವಳಲ್ಲ, ಹೆದರುಪುಕ್ಕಲಿ. "ಹೋಗ್ಬನ್ನಿ ಅತ್ತೆ, ಆದ್ರೆ ಫೋಟೊ ಗೀಟೊ ಮಾತ್ರ ಬೇಡ. ನಾಲ್ಕು ಜನ ನೋಡಿದ್ರೆ ಏನಂತಾರೆ?" ಅಂದಳು.

ಆಗ ಹೊಳೆಯಿತು ನೋಡು. ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ನಾಲ್ಕು ಜನ ಏನಂತಾರೆ, ನಾಲ್ಕು ಜನರ ಮುಂದೆ ಹೇಗೆ ತಲೆ ಎತ್ತುವುದು. ಆ ನಾಲ್ಕು ಜನರನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ಈಗ ನಮ್ಮದೇ ಒಂದು ನಾಲ್ಕು ಜನ ಆಯಿತಲ್ಲ! ಇನ್ನು ಮೇಲೆ ನಾವು ಏನಂತೀವೋ ಅದು.

ಆದ್ದರಿಂದ ಮೊದಲು ಬರೆದದ್ದರಲ್ಲಿ ಸ್ವಲ್ಪ ತಿದ್ದುಪಡಿ. ಆ ಫೋಟೊ ಪ್ಯಾಕೇಜು ತೆಗೆದುಕೋ. ಫೋನಿನ ಫೋಟೊದಲ್ಲಿ ಯಾರಾದರೊಬ್ಬರು ಹೊರಗೆ ನಿಂತು ತೆಗೆಯಬೇಕು, ಆ ಒಬ್ಬರು ಮೆಣಸಿನ ಲಿಫ್ಟ್ ಅಂಕಲ್ಲೇ ಆಗುತ್ತಾರೆ, ನನಗೆ ಗೊತ್ತು. ಹಾಗಾಗಕೂಡದು. ಎಲ್ಲ ಫೋಟೊದಲ್ಲೂ ನಾಲ್ಕು ಮುಖ ಇರಬೇಕು. ಫಾಸ್ಟ್ ಪಾಸೂ ತೆಗೆದುಕೋ. ನನ್ನ ವಯಸ್ಸಿಗೆ ಕ್ಯೂ ಅನ್ನುವುದು ದುಂದುಗಾರಿಕೆ. ಊಟದ ಪಾಸು, ಕರಡಿ, ಕುರ್ಚಿ, ಈ ಮೂರರ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಆವರಣ ಚಿಹ್ನೆಯೊಳಗೆ ಏನೇನೋ ಬರೆದು ಸಹಿ ಮಾಡುವುದನ್ನು ಬಿಡು. ಸೊಸೆ ಅಂದರೆ ಸೊಸೆ.

ನಿನ್ನ ಅತ್ತೆ


ಮೇ ೧೧

ಅತ್ತೆ,

ನಿಮ್ಮ ಕಾಗದವನ್ನು ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ. ಹೊರಗೆ ಕೆಂಪು ದೀಪ ಹಚ್ಚಿದ್ದರಿಂದ ಯಾರೂ ಒಳಗೆ ಬರಲಿಲ್ಲ. ಒಳ್ಳೆಯದೇ ಆಯಿತು.

ಫೋಟೊ, ಫಾಸ್ಟ್ ಪಾಸ್ ಎರಡನ್ನೂ ತೆಗೆದುಕೊಂಡೆ. ರೂಮು ಎರಡು: ನೀವು, ನಾನು, ಮೆಣಸು ಒಂದರಲ್ಲಿ, ಅವರು ಇನ್ನೊಂದರಲ್ಲಿ. ನೀವು ಏನು ಹೇಳುತ್ತೀರಿ ಅಂತ ಊಹಿಸಬಲ್ಲೆ, ದಯವಿಟ್ಟು ಅದನ್ನು ಕಾಗದದಲ್ಲಿ ಬರೆಯಬೇಡಿ.

ಅವರಿಗೆ ನಿಮ್ಮನ್ನು ಕಂಡರೆ ಭಯ, ಇನ್ನೂ ಕಾಣದೆಯೇ. "ಏನು ಅಂತ ಕರೀಲಿ ಅವರನ್ನ?" ಅಂತ ಮೂರು ಸಲ ಕೇಳಿದರು. ಇನ್ನೊಂದು ವಿಷಯ. ದಿನವಿಡೀ ಲಿಫ್ಟ್ ಓಡಾಡುವ ಗುಂಡಿಯಲ್ಲಿ ನೇತಾಡುವ ಮನುಷ್ಯನಿಗೆ ತಿರುಗುವ, ಬೀಳುವ ಆಟಗಳೆಂದರೆ ತಲೆಸುತ್ತು. "ಲಿಫ್ಟು ನನ್ನ ಕೈಯಲ್ಲಿರುತ್ತೆ, ಅದು ಇನ್ಯಾರದೋ ಕೈಯಲ್ಲಿ" ಅನ್ನುತ್ತಾರೆ. ಅವರು ಕೆಳಗೆ ಚಪ್ಪಲಿ ಕಾಯುತ್ತಾ ನಿಂತರೆ ತಪ್ಪು ತಿಳಿಯಬೇಡಿ.

ಭಾವ ನಿಜವಾಗಿ ಹಾಗಂದರೇ, ಅಲ್ಲೇ ಇದ್ದುಬಿಡು ಅಂತ? ನಿಮಗೆ ಇಲ್ಲಿ ಒಂದು ಮಂಚ ಇದ್ದೇ ಇದೆ. ಆದರೆ ನನ್ನಿಂದ ನಿಮ್ಮ ಮನೆ ತಪ್ಪುವುದು ನನಗೆ ಬೇಡ.

ನಿಮ್ಮ ಸೊಸೆ


ಮೇ ೨೯

ದೊಡ್ಡವನೇ,

ನಾನು ಪಾರ್ಕಿನಿಂದ ಬಂದು ನಿನ್ನ ನಾದಿನಿಯ ಮನೆಯಲ್ಲಿದ್ದೇನೆ. ನೀನು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾಡಿದರೂ ಕೂಗಾಡಬೇಕು, ಕೂಗಿದರೆ ಜಗಳದ ಹಾಗೆ ಕೇಳಿಸುತ್ತದೆ. ಅಲ್ಲಿ ಏನಾಯಿತು ಅಂತ ನಿನಗೆ ಇನ್ಯಾರೋ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಗೇಟಿನ ಹತ್ತಿರ ಕೈಗೆ ಬಣ್ಣದ ಪಟ್ಟಿ ಕಟ್ಟುವ ಒಬ್ಬ ಹುಡುಗಿ. ನಮ್ಮ ನಾಲ್ವರನ್ನೂ ನೋಡಿದಳು, ಕಂಪ್ಯೂಟರ್ ನೋಡಿದಳು. "ಫ್ಯಾಮಿಲಿ ಪ್ಯಾಕೇಜು ಒಂದೇ ಕುಟುಂಬದವರಿಗೆ ಮಾತ್ರ. ಇವರು ನಿಮ್ಮ ಮಗನಾ?" ಅಂತ ಕೇಳಿದಳು. ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವರು ಆಗಲೇ ಒಂದು ಹೆಜ್ಜೆ ಹಿಂದೆ ಸರಿದು, ಬೇರೆ ಟಿಕೆಟ್ ಕೊಳ್ಳಲು ಪರ್ಸ್ ತೆಗೆಯುತ್ತಿದ್ದರು. ನಿನ್ನ ನಾದಿನಿ ನೆಲ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಲ್ಲಮ್ಮಾ. ನನ್ನ ಮಗ ತೀರಿಹೋದ. ಇವರು ನನ್ನ ಸೊಸೆಯನ್ನ ಮದುವೆಯಾಗ್ತಾ ಇರೋರು. ನನ್ನ ಕುಟುಂಬದಲ್ಲಿ ಯಾರ್ಯಾರಿದ್ದಾರೆ ಅಂತ ನಾನು ಹೇಳಬೇಕೋ, ನಿನ್ನ ಕಂಪ್ಯೂಟರ್ ಹೇಳಬೇಕೋ?"

ನಾನು ಮೆಲ್ಲಗೇ ಹೇಳಿದೆ ಅಂದುಕೊಂಡಿದ್ದೆ. ಹಿಂದಿನ ಕ್ಯೂ ಪೂರ್ತಿ ತಿರುಗಿ ನೋಡಿತಂತೆ. ಮೆಣಸು ನನ್ನ ಸೆರಗು ಎಳೆದು "ಅಜ್ಜೀ, ಪಾರ್ಕಿಂಗಿನವರಿಗೂ ಕೇಳಿಸ್ತು" ಅಂದಳು. ಕೇಳಿಸಲಿ. ಆ ಹುಡುಗಿ ಕೆಂಪಗಾಗಿ ನಾಲ್ಕು ಪಟ್ಟಿ ಕಟ್ಟಿದಳು. ನನ್ನ ಪಟ್ಟಿಯನ್ನು ಇನ್ನೂ ಕತ್ತರಿಸಿಲ್ಲ.

ನೀನು ಯಾವತ್ತಾದರೂ ಹೋದರೆ ತಿಳಿದಿರಲಿ. ಫಾಸ್ಟ್ ಪಾಸ್ ಬೆಳಿಗ್ಗೆ ದಂಡ, ಮಧ್ಯಾಹ್ನ ಬಂಗಾರ. ಮೊದಲ ಒಂದೆರಡು ತಾಸು ಎಲ್ಲಿಯೂ ಕ್ಯೂ ಇರುವುದಿಲ್ಲ. ಬಿಸಿಲೇರಿದ ಮೇಲೆ ಜನರ ಬೆನ್ನುಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಎಲ್ಲರ ಮುಂದೆ ತಲೆ ಎತ್ತಿಕೊಂಡು ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಕೆಲವರು ದುರುಗುಟ್ಟಿಕೊಂಡು ನೋಡಿದರು. ನನಗೆ ಆ ನೋಟಗಳು ಈಚೆಗೆ ಅಭ್ಯಾಸವಾಗಿವೆ. ಊಟದ ಪಾಸ್ ಬೇಡವೆಂದದ್ದು ಸರಿಯಾಗಿತ್ತು. ಕಾರಂಜಿಯ ಕಟ್ಟೆಯ ಮೇಲೆ ಕೂತು ಬ್ರೆಡ್ಡು ಬಾಳೆಹಣ್ಣು ತಿಂದೆವು. ಆದರೆ ಕರಡಿಯ ವಿಷಯದಲ್ಲಿ ನಾನು ಸೋತೆ. ಎರಡನೆಯ ದಿನ ಮೆಣಸು ಆ ತಿಂಡಿ ಕೋಣೆಯ ಗಾಜಿಗೆ ಮೂಗು ಒತ್ತಿ, "ನನಗೇನೂ ಬೇಡ, ಅದು ಚಿಕ್ಕ ಮಕ್ಕಳಿಗೆ" ಅಂದಳು. ಅವಳು ಹಾಗೆ ಅಂದ ರೀತಿ ಥೇಟ್ ಅವಳಪ್ಪನದೇ, ಬೇಕಾದುದನ್ನೇ ಬೇಡ ಅನ್ನುವುದು. ದುಡ್ಡು ಕೊಟ್ಟು ಒಳಗೆ ನುಗ್ಗಿಸಿದೆ. ಕರಡಿ ಅವಳ ತಟ್ಟೆಯಿಂದ ಆಮ್ಲೆಟ್ ಕದಿಯುವ ನಾಟಕ ಮಾಡಿತು. ಅವಳು ಅಷ್ಟು ನಕ್ಕದ್ದನ್ನು ನಾನು ನಾಲ್ಕು ವರ್ಷದಿಂದ ನೋಡಿರಲಿಲ್ಲ.

ಇನ್ನು ಗಾಲಿಕುರ್ಚಿ. ನಾನು ಖಡಾಖಂಡಿತ ಬೇಡ ಅಂದಿದ್ದೆ. ಮೊದಲ ದಿನವೇ ಮಧ್ಯಾಹ್ನಕ್ಕೆ ಮೊಣಕಾಲು ಊದಿ ಹಿಟ್ಟಿನ ಮುದ್ದೆಯಾಯಿತು. ಯಾರಿಗೂ ಹೇಳಲಿಲ್ಲ, ಅಂಗಡಿಗಳನ್ನು ನೋಡುವ ನೆಪದಲ್ಲಿ ಅಲ್ಲಲ್ಲಿ ನಿಲ್ಲುತ್ತಿದ್ದೆ. ಅವರು ಎಲ್ಲೋ ಹೋಗಿ ಒಂದು ಕುರ್ಚಿ ತಳ್ಳಿಕೊಂಡು ಬಂದರು. ನಾನು ಕಣ್ಣು ಕೆಂಪಗೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. "ಬ್ಯಾಗು ಹೊತ್ತು ಭುಜ ನೋಯ್ತಾ ಇದೆ, ಅದಕ್ಕೆ ತಂದೆ" ಅಂತ ಬ್ಯಾಗುಗಳನ್ನೆಲ್ಲ ಅದರ ಮೇಲೆ ಪೇರಿಸಿ ತಳ್ಳುತ್ತಾ ನಡೆದರು. ಸ್ವಲ್ಪ ದೂರ ಹೋದ ಮೇಲೆ ನಾನೇ "ಬ್ಯಾಗು ಬೀಳ್ತಾ ಇವೆ, ಯಾರಾದ್ರೂ ಕೂತು ಹಿಡ್ಕೋಬೇಕು" ಅಂದು ಹತ್ತಿ ಕೂತೆ. "ಹೌದು, ಬೀಳ್ತಾ ಇದ್ವು" ಅಂದರು. ಅಷ್ಟೇ. ಒಂದು ನಗು ಇಲ್ಲ, ಒಂದು ಉಪದೇಶ ಇಲ್ಲ. ನಿಮ್ಮಪ್ಪನಿಗೂ ಈ ಜಾಣತನ ಇರಲಿಲ್ಲ.

ಅವರಿಗೆ ತಲೆಸುತ್ತು. ಆದರೂ ಎತ್ತರದಿಂದ ನೀರಿಗೆ ಜಾರುವ ಬಂಡಿಯಲ್ಲಿ ನಾಲ್ಕೂ ಜನ ಕೂರಬೇಕು ಅಂತ ನಾನು ಹಟ ಹಿಡಿದೆ. ಕೂತರು. ಮೇಲಿನಿಂದ ಬೀಳುವಾಗ ನನ್ನ ಮುಂಗೈ ಹಿಡಿದುಕೊಂಡ ಗುರುತು ಇನ್ನೂ ಇದೆ. ಫೋಟೊ ಈ ಕಾಗದದ ಜೊತೆ ಇಟ್ಟಿದ್ದೇನೆ. ಕಣ್ಣು ಮುಚ್ಚಿಕೊಂಡು ದೇವರನ್ನು ಕರೆಯುತ್ತಿರುವವರು ಅವರು. ಬಾಯಿ ಇಷ್ಟಗಲ ತೆರೆದು ನಗುತ್ತಿರುವವಳು ನಿನ್ನ ತಾಯಿ.

ನನಗೆ ಎಲ್ಲವೂ ಸಲೀಸಾಗಿತ್ತು ಅಂತ ತಿಳಿಯಬೇಡ. ಬಂಡಿಯಿಂದ ಇಳಿದ ಮೇಲೆ ಅವರು ತಮ್ಮ ಟವೆಲಿನಿಂದ ಮೆಣಸಿನ ತಲೆ ಒರೆಸಿದರು. ಅವಳು ಕೊಸರಾಡಲಿಲ್ಲ, ಅಭ್ಯಾಸವಿದ್ದವಳ ಹಾಗೆ ತಲೆ ಬಗ್ಗಿಸಿ ನಿಂತಳು. ಬೆನ್ನು ತಿರುಗಿಸಿ ಬಲೂನು ಮಾರುವವನ ಹತ್ತಿರ ಸುಮ್ಮನೆ ಚೌಕಾಸಿ ಮಾಡುತ್ತಾ ನಿಂತೆ. ಪಕ್ಕಕ್ಕೆ ನೋಡಿದರೆ ನಿನ್ನ ನಾದಿನಿಯೂ ಅಲ್ಲೇ ನಿಂತು ಬಲೂನುಗಳನ್ನೇ ನೋಡುತ್ತಿದ್ದಾಳೆ. ಬೇಡದ ಬಲೂನು ಎರಡು ಕೊಂಡೆವು.

ನಿನ್ನ ಅಮ್ಮ


ಜೂನ್ ೫

ಅಮ್ಮ,

ಕಾಗದ ಬಂತು. ಫೋಟೊ ನಾನು ನೋಡಲಿಲ್ಲ, ಕವರಿನಲ್ಲೇ ಇಟ್ಟಿದ್ದೇನೆ.

ನೀನು ಗೇಟಿನಲ್ಲಿ ಹೇಳಿದ ಮಾತು ಆಗಲೇ ನನ್ನ ಅಂಗಡಿಯವರೆಗೆ ಬಂದಿದೆ. ಆ ಕ್ಯೂನಲ್ಲಿ ನಮಗೆ ಪರದೆ ಬಟ್ಟೆ ಸಪ್ಲೈ ಮಾಡುವವನ ಹೆಂಡತಿ ಇದ್ದಳಂತೆ. ನಿನಗೆ ಖುಷಿಯಾಗಿರಬಹುದು. ಅಂಗಡಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡವನು ನಾನು.

ನಾನು ನಿನಗೆ ಮನೆ ಬಿಟ್ಟು ಹೋಗು ಅಂದಿಲ್ಲ. ಸಿಟ್ಟಿನಲ್ಲಿ ಬಂದ ಮಾತು. ಬಾ. ಆದರೆ ನೀನೊಬ್ಬಳೇ ಬಾ. ಉಳಿದವರ ವಿಷಯ ನನ್ನ ಮುಂದೆ ಬೇಡ. ತಮ್ಮನ ಜಾಗದಲ್ಲಿ ಇನ್ನೊಬ್ಬರನ್ನು ನೋಡುವ ಶಕ್ತಿ ನನಗಿಲ್ಲ, ನಿನಗಿರಬಹುದು.

ಮೊಣಕಾಲನ್ನು ಯಾರಾದರೂ ಡಾಕ್ಟರಿಗೆ ತೋರಿಸಿದಿರಾ?

ನಿನ್ನ ಮಗ

ಅತ್ತೆ, ಕವರು ಅಂಟಿಸುವ ಮೊದಲು ನಾನು ಎರಡು ಸಾಲು ಸೇರಿಸುತ್ತಿದ್ದೇನೆ. ಫೋಟೊ ನಾನು ನೋಡಿದೆ. ಅವರೂ ನೋಡಿದರು. ನೋಡಿಲ್ಲ ಅಂತ ಬರೆದಿದ್ದಾರೆ, ಅಷ್ಟೇ. ನೋಡಿ ಬಹಳ ಹೊತ್ತು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದರು. — ದೊಡ್ಡ ಸೊಸೆ


ಜೂನ್ ೧೧

ದೊಡ್ಡವನೇ,

ಮೊಣಕಾಲು ಪರವಾಗಿಲ್ಲ. ನಿನ್ನ ನಾದಿನಿಯೇ ಎಕ್ಸ್‌ರೇ ತೆಗೆದಳು, ಸವೆದಿದೆಯಂತೆ, ಮುರಿದಿಲ್ಲ. ನನ್ನ ಬಗ್ಗೆ ಯಾರು ಏನೇ ಪರೀಕ್ಷೆ ಮಾಡಿದರೂ ಬರುವ ಉತ್ತರ ಅದೇ.

ತಮ್ಮನ ಜಾಗದಲ್ಲಿ ನಾನು ಯಾರನ್ನೂ ಕೂರಿಸಿಲ್ಲ. ನೀನು ಅವನನ್ನು ಹೇಗೆ ಇಟ್ಟುಕೊಂಡಿದ್ದೀಯ ಅಂತ ನಾನು ಒಂದು ದಿನವೂ ಕೇಳಿಲ್ಲ. ನೀನು ರಾತ್ರಿ ಅವನ ಶರ್ಟು ತೆಗೆದು ಮುಖಕ್ಕೆ ಹಿಡಿದುಕೊಂಡಿದ್ದನ್ನು ನೋಡಿಯೂ ನೋಡದವಳ ಹಾಗೆ ಹಾದುಹೋಗಿದ್ದೇನೆ. ನಾನು ಅವನನ್ನು ಹೇಗೆ ಇಟ್ಟುಕೊಳ್ಳುತ್ತೇನೆ ಅನ್ನುವುದನ್ನು ನೀನೂ ನನಗೇ ಬಿಡು. ಅವನು ಬಿಟ್ಟು ಹೋದ ಇಬ್ಬರು ನಗುತ್ತಿದ್ದರೆ ನನಗೆ ಅವನು ಹತ್ತಿರ ಇದ್ದ ಹಾಗಿರುತ್ತದೆ. ಅಳುತ್ತಾ ಕೂತರೆ ದೂರವಾದ ಹಾಗೆ.

ಇಪ್ಪತ್ತನೆಯ ತಾರೀಕು ನೋಂದಣಿ ಕಚೇರಿಯಲ್ಲಿ ಅವರ ಮದುವೆ. ಸಾಕ್ಷಿಯಾಗಿ ನಾನು ಸಹಿ ಹಾಕುತ್ತೇನೆ. ನೀನು ಬಂದರೆ ಸಂತೋಷ, ಬರದಿದ್ದರೆ ನಿನ್ನ ಮೇಲೆ ನನಗೆ ಕೋಪವಿಲ್ಲ, ಅಂಗಡಿಯಲ್ಲಿ ಕೂತು ಎಲ್ಲರ ಮಾತು ಕೇಳುವವನು ನೀನು ಅನ್ನುವುದು ನಿಜ. ಅವರಿಗೆ ಒಂದೇ ಒಂದು ಉತ್ತರ ಕೊಡು: ನಮ್ಮಮ್ಮ ಹೀಗೇ, ಅವಳನ್ನೇ ಕೇಳಿ ಅಂತ. ಯಾರೂ ಬಂದು ಕೇಳುವುದಿಲ್ಲ.

ಆದರೆ ನಾನೊಬ್ಬಳೇ ಬರುವುದಿಲ್ಲ. ಮದುವೆಯ ಮಾರನೆಯ ದಿನ ಭಾನುವಾರ, ಮಧ್ಯಾಹ್ನದ ಊಟಕ್ಕೆ ನಾವೆಲ್ಲರೂ ನಮ್ಮ ಮನೆಗೆ ಬರುತ್ತೇವೆ. ನಮ್ಮ ಮನೆ ಅಂದೆ, ಗಮನಿಸು. ದೊಡ್ಡ ಸೊಸೆಗೆ ತೊಂದರೆ ಬೇಡ, ಅಡುಗೆ ಇಲ್ಲಿಂದಲೇ ತರುತ್ತೇವೆ. ಅವರು ಮೆಟ್ಟಿಲ ಹತ್ತಿರವೇ ಹಿಂಜರಿದು ನಿಲ್ಲುತ್ತಾರೆ, ನಿನ್ನ ನಾದಿನಿ ನೆಲ ನೋಡುತ್ತಾಳೆ, ಮೆಣಸು "ದೊಡ್ಡಪ್ಪಾ" ಅಂತ ಕೂಗುತ್ತಾಳೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನ ಇಷ್ಟ. ನಾನು ಬಲವಂತ ಮಾಡುವುದಿಲ್ಲ.

ಬೆಲ್ ಮಾತ್ರ ನಾನೇ ಒತ್ತುತ್ತೇನೆ. ಅದು ಒಳಗೆ ಹೊಡೆದುಕೊಳ್ಳುತ್ತಿದೆಯೋ ಇಲ್ಲವೋ ನನ್ನ ಕಿವಿಗೆ ಗೊತ್ತಾಗುವುದಿಲ್ಲ ನೋಡು. ಹಾಗಾಗಿ ಬಾಗಿಲು ತೆರೆಯುವವರೆಗೂ ಬೆರಳು ತೆಗೆಯುವುದಿಲ್ಲ.

ನಿನ್ನ ಅಮ್ಮ